ಜಳಕದ ಕಲ್ಲು

ಯುದ್ಧದ ಕಾಲ. ಎರಡು ವರ್ಷ ಮಳೆ ಕೈಕೊಟ್ಟು ಸವಣೂರಿನ ನಮ್ಮ ಬಾವಿ ತಳ ಕಂಡಾಗ, ಅವ್ವ ಬಚ್ಚಲಿಗೆ ಬೀಗ ಜಡಿದು ಜಳಕದ ಕಲ್ಲನ್ನೇ ಹಿತ್ತಲಿಗೆ ಉರುಳಿಸಿದಳು. ಸುತ್ತ ಹಳೆ ಸೀರೆಯ ಮರೆ. ಇವತ್ತು ಬದನೆಯ ಬುಡದಲ್ಲಿ ಜಳಕ, ನಾಳೆ ಹೀರೆಯ ಬುಡದಲ್ಲಿ. ಓಣಿಯವರೆಲ್ಲ ನಕ್ಕರು. ನಗಲಿ, ಹಸಿರಾಗಿ ಉಳಿದದ್ದು ನಮ್ಮ ಹಿತ್ತಲೊಂದೇ.

ದೀಪಾವಳಿಗೆ ಅಕ್ಕನ ಗಂಡ ಹೊಸ ಸಾಬಾಣ ಹಿಡಿದು ಬಂದ.

"ಸಾಬಾಣ ಬ್ಯಾಡ್ರಿ, ಗಿಡಾ ಸಾಯ್ತಾವ," ಎಂದು ಅವ್ವ ಕಡಲೆಹಿಟ್ಟು ಕೊಟ್ಟು, ಮನೆಯ ಅಳಿಯನನ್ನು ಬದನೆಯ ಬುಡದಲ್ಲಿ ಕೂರಿಸಿದಳು. ಅವನು ಮುಖ ಗಂಟಿಕ್ಕಿಕೊಂಡೇ ಮಿಂದ.

ಯುಗಾದಿಗೆ ಮತ್ತೆ ಬಂದವನು ಬದನೆಕಾಯಿ ಪಲ್ಯವನ್ನು ಮೂರು ಸಲ ಹಾಕಿಸಿಕೊಂಡ.

"ಭಾಳ ರುಚಿ ಐತಿ. ಯಾವ ಸಂತೀದ್ರೀ?"

"ಸಂತೀದಲ್ರಿ," ಎಂದಳು ಅವ್ವ, ಇನ್ನೊಂದು ಸೌಟು ಬಡಿಸುತ್ತ. "ನಿಮ್ಮ ದೀಪಾವಳಿ ಜಳಕದ್ದು."