ಹಿಂದಿನ ಸೀಟಿನಲ್ಲಿ ಕೂತು ನೋಡುತ್ತಿದ್ದ ಕಾಕ

ಕಳೆದ ವಾರ ಮೂಡುಬಿದಿರೆಯಲ್ಲಿ ಚಹಾ ಕುಡಿಯಲು ನಿಂತಿದ್ದೆ. ಪಕ್ಕದ ಶೆಡ್ಡಿನಲ್ಲಿ ಯಾರೋ ಸೀಮೆಎಣ್ಣೆಯಲ್ಲಿ ನಟ್ಟು ಬೋಲ್ಟು ತೊಳೆಯುತ್ತಿದ್ದರು. ಹಳೆಯ ಗ್ರೀಸಿನೊಂದಿಗೆ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎಲ್ಲರೂ ಕಾಕ ಎನ್ನುತ್ತಿದ್ದ ಮೆಲ್ಕಾರಿನ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಕಣ್ಣ ಮುಂದೆ ಬಂದು ನಿಂತರು. ಚಹಾ ಆರಿದ್ದು ಗೊತ್ತಾಗಲಿಲ್ಲ.

ಆಗ ನಾನು ಅಳದಂಗಡಿಯಲ್ಲಿ ಮೇಷ್ಟ್ರು. ಜತೆಗಿದ್ದ ಅಕ್ಕ ಬೆಳ್ತಂಗಡಿಯಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದಳು. ಅವಳ ಬೆನ್ನುಮೂಳೆಯ ಆಪರೇಷನ್ ಆದ ಮೇಲೆ ಡಾಕ್ಟರು ಬಸ್ಸು ಹತ್ತಬೇಡಿ ಎಂದಿದ್ದರು. ರಜೆ ಮುಗಿಯುತ್ತ ಬಂದಿತ್ತು. ಆ ತಿಂಗಳು ಹೋಗದಿದ್ದರೆ ಕೆಲಸ ಬೇರೆಯವರ ಪಾಲು. ಹೊಲಿಗೆ ಬಿಟ್ಟರೆ ಅಕ್ಕನಿಗೆ ಬೇರೆ ಲೋಕವಿರಲಿಲ್ಲ. ನನ್ನ ಹಳೆಯ ಕಾರೋ, ಪ್ರತಿ ತಿರುವಿನಲ್ಲೂ ಒಂದು ಪಕ್ಕಕ್ಕೆ ವಾಲಿ ಅವಳ ಬೆನ್ನು ಹಿಂಡುತ್ತಿತ್ತು.

ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎಲ್ಲ ಗಟ್ಟಿಯದೇ ಹಾಕಿಸುವುದೆಂದು ಕಾಕನಲ್ಲಿಗೆ ಹೊರಟೆ. ನೆಪ ಅಕ್ಕನದು, ಆಸೆ ನನ್ನದು... ಗೆಳೆಯನ ಕಾರು ತಿರುವುಗಳಲ್ಲಿ ನೆಲಕ್ಕೆ ಅಂಟಿಕೊಂಡು ಹೋಗುವುದನ್ನು ನೋಡಿ ನನಗೆ ಹೊಟ್ಟೆ ಉರಿದಿತ್ತು.

"ಹಿಂದೆ ಯಾರು ಕೂರುವುದು ಮಾಷ್ಟ್ರೆ?" ಯಾರೇ ಬಂದರೂ ಕಾಕ ಮೊದಲು ಕೇಳುತ್ತಿದ್ದದ್ದು ಅದನ್ನೇ. ನಿಜ ಹೇಳಿದರೆ ಎಲ್ಲಿ ಬೇಡವೆನ್ನುತ್ತಾರೋ ಎಂದು, "ಹೆಚ್ಚಾಗಿ ನಾನೊಬ್ಬನೇ ಕಾಕ" ಎಂದುಬಿಟ್ಟೆ.

ಕಾಕ ಗಟ್ಟಿಯದನ್ನೇ ಹಾಕಿಕೊಟ್ಟರು. ಹೈವೇಯಲ್ಲಿ ಒಬ್ಬನೇ ಓಡಿಸಿ ನೋಡಿದೆ. ಕಾರು ಹೇಳಿದಂತೆ ಕೇಳಿತು. ಬೀಗಿದೆ. ಮರುದಿನ ಅಕ್ಕನನ್ನು ಕೂರಿಸಿಕೊಂಡು ಬೆಳ್ತಂಗಡಿಗೆ ಹೊರಟೆ. ವಾಲುವುದು ನಿಂತಿತ್ತು, ನಿಜ. ಆದರೆ ಡಾಮರು ಕಿತ್ತುಹೋದ ಕಡೆಯಲ್ಲೆಲ್ಲ ಹೊಂಡದ ಪೆಟ್ಟು ನೇರ ಅವಳ ಬೆನ್ನಿಗೇ ಹೋಯಿತು. ಅರ್ಧ ದಾರಿಯಲ್ಲಿ, "ತಿರುಗಿಸು, ಮನೆಗೆ ಹೋಗುವ. ನಾನಿನ್ನು ಕೆಲಸಕ್ಕೆ ಹೊರಡುವುದಿಲ್ಲ" ಎಂದಳು.

ಕಾಕನ ಎದುರು ತಲೆ ತಗ್ಗಿಸಿ ನಿಂತು ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಅಕ್ಕ ಯಾವ ಪಕ್ಕ ಕೂರುತ್ತಾರೆ, ಹೇಗೆ ಒರಗುತ್ತಾರೆ ಎಂದು ಕೇಳಿದರು. ಹಾಗೆಯೇ ಹಿಂದಿನ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿದರು.

"ಅವರು ಹೋಗುವ ದಾರಿಗೆ ಬಿಡಿ."

ದಾರಿಯಲ್ಲಿ ಒಂದು ಕಡೆ, ಕಣ್ಣು ಮುಚ್ಚಿಕೊಂಡೇ, "ಇಲ್ಲಿ ಅಕ್ಕನಿಗೆ ತಡೀಲಿಕ್ಕೆ ಆಗ್ಲಿಲ್ಲ, ಅಲ್ವಾ?" ಎಂದರು. ಅಕ್ಕ ಕಾರು ತಿರುಗಿಸಲು ಹೇಳಿದ್ದು ಅದೇ ಜಾಗದಲ್ಲಿ. ಯಾವ ಜಾಗವೆಂದು ಮಾತ್ರ ನಾನು ಅವರಿಗೆ ಹೇಳಿರಲಿಲ್ಲ.

ಮೂರು ದಿನ ಇದೇ ನಡೆಯಿತು. ಹಳೆಯ ಮೆತ್ತನೆಯ ಸ್ಪ್ರಿಂಗನ್ನೇ ಮತ್ತೆ ಹಾಕಿದರು. ಕಾರು ವಾಲದಂತೆ ಅಡಿಯಲ್ಲಿ ಅಡ್ಡಕ್ಕೆ ದಪ್ಪದೊಂದು ಸರಳು ಕೂರಿಸಿದರು. ಶಾಕ್ ಅಬ್ಸಾರ್ಬರಿನ ತಿರುಪನ್ನು ಕೂದಲೆಳೆಯಷ್ಟು ಸಡಿಲಿಸುವುದು, ಮತ್ತೆ ಹಿಂದೆ ಹೋಗಿ ಕೂರುವುದು... ಬೇರೊಬ್ಬರ ನೋವನ್ನು ತನ್ನ ಮೈಯಲ್ಲಿ ಹುಡುಕುವವರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಪಾಠ ಹೇಳುವ ನನ್ನ ಕೆಲಸ ಆ ಮೂರು ದಿನ ಬಹಳ ಸಣ್ಣದೆನಿಸಿತು.

ಕೊನೆಗೆ ಕೈ ಒರೆಸುತ್ತ ಹೇಳಿದರು: "ಓಟ, ಆರಾಮ ಎರಡೂ ಸಿಗುವುದಿಲ್ಲ ಮಾಷ್ಟ್ರೆ. ಒಂದೇ ಚಕ್ರ ಹೊಂಡಕ್ಕೆ ಬಿದ್ರೆ ಈಗಲೂ ಸ್ವಲ್ಪ ಅಲುಗ್ತದೆ. ನೀವು ಸ್ಪೀಡು ಬಿಡ್ಬೇಕು. ಸ್ಟೇರಿಂಗ್ ನಿಮ್ಮ ಕೈಯಲ್ಲಿ ಉಂಟು, ಬೆನ್ನು ಅವರದ್ದು."

ಬಿಟ್ಟೆ. ಅಕ್ಕ ನಿವೃತ್ತಿಯ ದಿನದವರೆಗೂ ಹೊಲಿಗೆ ಕಲಿಸಿದಳು. ಕಾಕ ತೀರಿಹೋಗಿ ಈಗ ಕೆಲವು ವರ್ಷವಾಯಿತು. ಗ್ಯಾರೇಜಿದ್ದಲ್ಲಿ ಮೊಬೈಲ್ ಅಂಗಡಿ ಬಂದಿದೆ.

ಆ ದಿನ ಮೂಡುಬಿದಿರೆಯಿಂದ ಮರಳುವಾಗ ನನ್ನ ಹೊಸ ಕಾರಿನ ಹಿಂದಿನ ಸೀಟಿನಲ್ಲಿ ಅಕ್ಕನೂ ಇದ್ದಳು. ವೇಣೂರು ದಾಟುವಾಗ, "ಹೇಗುಂಟು ಅಕ್ಕ?" ಎಂದೆ. "ಲಾಯ್ಕುಂಟು, ಏನೂ ತೊಂದರೆ ಇಲ್ಲ" ಎಂದಳು. ಕನ್ನಡಿಯಲ್ಲಿ ನೋಡಿದರೆ, ಬಾಗಿಲ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಕೂತಿದ್ದಳು. ವೇಗ ತಗ್ಗಿಸಿದೆ. ಎಲ್ಲಿ ನೋಯುತ್ತಿದೆಯೆಂದು ಅವಳು ಹೇಳುವವಳಲ್ಲ. ಹೇಳದೆಯೇ ತಿಳಿಯುತ್ತಿದ್ದ ಒಬ್ಬರು ಈಗ ಇಲ್ಲ.