ಅಜ್ಜ ಕೇಳದ ಕಡುಬು

ಹೈಸ್ಕೂಲಿನಿಂದಲೂ ದಿನಚರಿ ಬರೆಯುತ್ತಿದ್ದೇನೆ. ಈಗಿನದು ಹನ್ನೊಂದನೆಯ ನೋಟ್‌ಬುಕ್ಕು. ಅಜ್ಜಂಪುರದಲ್ಲಿ ರೈಲು ಎಷ್ಟು ನಿಮಿಷ ತಡ, ಕಡೂರಿನ ಮಂಡಿಯಲ್ಲಿ ಎಷ್ಟು ಚೀಲ ಕೊಬ್ಬರಿಗೆ ತೂಕದ ಚೀಟಿ ಬರೆದೆ, ಮನೆಗೆ ಯಾರು ಬಂದರು, ಇಷ್ಟೇ. ಮನಸ್ಸಿಗೆ ಅನಿಸಿದ್ದನ್ನು ಬರೆಯುವುದಿಲ್ಲ. ಅದಕ್ಕೇ ಮನೆಯವರಿಗೆ ಅದರ ಮೇಲೆ ಅಷ್ಟು ನಂಬಿಕೆ. ಹಸು ಯಾವತ್ತು ಕರು ಹಾಕಿತು, ಬೋರಿನ ಮೋಟಾರು ಎಷ್ಟನೇ ಸಲ ಸುಟ್ಟಿತು ಎಂದು ಜಗಳವೆದ್ದರೆ ಅಮ್ಮ, "ಬುಕ್ಕು ತಗೊಂಡ್ ಬಾರೇ" ಎನ್ನುತ್ತಾಳೆ. ನಾನು ಓದಿದರೆ ಜಗಳ ಅಲ್ಲಿಗೆ ಮುಗಿಯುತ್ತದೆ.

ಅದರಲ್ಲಿ ಒಂದು ಸಾಲು ಸುಳ್ಳು.

ಅಜ್ಜ ತೀರಿಕೊಂಡದ್ದು ಮೂರು ವರ್ಷದ ಹಿಂದೆ, ತರೀಕೆರೆಯ ಆಸ್ಪತ್ರೆಯೊಂದರಲ್ಲಿ, ಗುರುವಾರ ಮಧ್ಯಾಹ್ನ. ಅದಕ್ಕೆ ಮೊದಲು ಎರಡು ವರ್ಷ ಅವನನ್ನು ಎತ್ತಿ ಕೂರಿಸಿ, ಮೈ ಒರೆಸಿ, ಊಟ ಮಾಡಿಸಿದವನು ನನ್ನ ಅಪ್ಪ. ಪ್ರಾಣ ಹೋಗುವ ಹೊತ್ತಿಗೆ ಅಪ್ಪ ಔಷಧಿ ತರಲು ಹೋಗಿದ್ದ. ಪಕ್ಕದಲ್ಲಿದ್ದವಳು ನಾನೊಬ್ಬಳೇ. ಅಜ್ಜ ಏನೂ ಹೇಳಲಿಲ್ಲ. ಬೆಳಗಿನಿಂದ ಕಣ್ಣೇ ಬಿಟ್ಟಿರಲಿಲ್ಲ.

ಲಕ್ಕವಳ್ಳಿಯಿಂದ ಅತ್ತೆ, ಅಂದರೆ ಅಜ್ಜನ ಮಗಳು, ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಜ್ಜಿ ಸತ್ತ ದಿನ ಅವಳು ನೆಂಟರೆದುರೇ ಅಜ್ಜನಿಗೆ, "ನೀನು ಹೊತ್ತಿಗೆ ಸರಿಯಾಗಿ ಡಾಕ್ಟ್ರ ಹತ್ರ ಕರ್ಕೊಂಡೋಗಿದ್ರೆ ಅವ್ವ ಉಳೀತಿದ್ಲು" ಎಂದುಬಿಟ್ಟಿದ್ದಳು. ಆಮೇಲೆ ಆರು ವರ್ಷ ಅಜ್ಜನಿಗೂ ಅವಳಿಗೂ ಮಾತಿಲ್ಲ. ಈಗ ನನ್ನ ಎರಡೂ ತೋಳು ಹಿಡಿದು ಅಲುಗಿಸಿದಳು.

"ಅಪ್ಪಯ್ಯ ನನ್ನ ಕೇಳಿದ್ನೇನೇ? ಒಂದ್ ಸಲನಾದ್ರೂ?"

"ಕೇಳಿದ, ಅತ್ತೆ. ನೀನು ಮಾಡೋ ಕಡುಬು ತಿನ್ಬೇಕು ಅಂದ."

ಕಡುಬು ಎಲ್ಲಿಂದ ಬಂತೋ ಗೊತ್ತಿಲ್ಲ. ಬರೀ 'ಕೇಳಿದ' ಎಂದರೆ ಅವಳು ನಂಬಲಿಕ್ಕಿಲ್ಲ ಅನಿಸಿತ್ತು. ಮರುದಿನ, ಆಡಿದ ಮಾತಿಗೂ ಬರೆದದ್ದಕ್ಕೂ ತಾಳೆಯಾಗಲಿ ಎಂದು, "ಮ. ೨-೧೦: ಅಜ್ಜ ಅತ್ತೆಯನ್ನು ಕೇಳಿದ. ಕಡುಬು ಬೇಕೆಂದ" ಎಂದು ಬರೆದಿಟ್ಟೆ.

ಸತ್ತವರು ಕೊನೆಗೆ ಏನು ಬೇಡಿದ್ದರೋ ಅದನ್ನು ವರ್ಷವರ್ಷವೂ ಎಡೆಗೆ ಇಡುವುದು ನಮ್ಮ ಮನೆಯ ಪದ್ಧತಿ. ಹಾಗಾಗಿ ಪ್ರತಿ ವರ್ಷ ಅತ್ತೆ ಕಡುಬು ಮಾಡಿ, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ತರೀಕೆರೆಯಲ್ಲಿ ಬಸ್ಸು ಬದಲಿಸಿ ಅಜ್ಜಂಪುರದ ನಮ್ಮ ಮನೆಗೆ ಬರುತ್ತಾಳೆ. ಮುದ್ದೆ ಬಿಟ್ಟು ಬೇರೆಯದನ್ನು ಊಟವೆಂದೇ ಎಣಿಸದಿದ್ದ ಅಜ್ಜನಿಗೆ ಎಲೆಯ ತುಂಬ ಕಡುಬು. ಎರಡನೆಯ ವರ್ಷ ಅಮ್ಮ, "ಮಾವನಿಗೆ ಮೊದ್ಲಿಂದ್ಲೂ ಕಡುಬು ಅಂದ್ರೆ ಪ್ರಾಣ" ಎಂದಳು. ನನಗೂ ಈಚೆಗೆ ಅಜ್ಜನ ಒಡೆದ ತುಟಿ ಅಲುಗಿದ್ದು ಕಾಣಿಸುತ್ತದೆ, ದನಿಯೂ ಕೇಳಿಸುತ್ತದೆ. ಮುಚ್ಚಿದ ಕಣ್ಣನ್ನೇ ಕಷ್ಟಪಟ್ಟು ನೆನಪಿಸಿಕೊಳ್ಳಬೇಕು.

ಈ ವರ್ಷ ಎಡೆಯಾಗಿ ಊಟ ಮುಗಿದ ಮೇಲೆ ಅತ್ತೆ, ಆ ಸಾಲನ್ನು ಎಲ್ಲರ ಮುಂದೆ ಓದು ಎಂದಳು. ಓದಿದೆ.

"ಇನ್ನೊಂದ್ ಸಲ ಓದೇ."

ಮತ್ತೆ ಓದಿದೆ. ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. "ಅಳ್ಬೇಡ ಕಣೇ, ಈ ಕಡುಬಿನ ಆಸೆಗೆ ಮಾವ ಎದ್ದು ಬಂದ್ಬಿಟ್ಟಾರು" ಎಂದು ಅಮ್ಮ ನಗಿಸಲು ನೋಡಿದಳು. ಅತ್ತೆ ಅಳುತ್ತಲೇ ನಕ್ಕಳು. ಅಪ್ಪ ನಗಲಿಲ್ಲ. ತಟ್ಟೆಗಳನ್ನು ಎತ್ತಿಕೊಂಡು ಹಿತ್ತಲಿಗೆ ಹೋದ.

ಸ್ವಲ್ಪ ಹೊತ್ತಿಗೆ ನಾನೂ ಹೋದೆ. ಅಪ್ಪ ತೊಟ್ಟಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ತಟ್ಟೆ ತೊಳೆಯುತ್ತಿದ್ದ. ತಲೆ ಎತ್ತಲಿಲ್ಲ.

"ನನ್ನ ಏನಾದ್ರೂ ಕೇಳಿದ್ನೇನವ್ವಾ?"

ಈ ಮೂರು ವರ್ಷದಲ್ಲಿ ಅಪ್ಪ ಅದನ್ನು ಕೇಳಿದ್ದು ಅದೇ ಮೊದಲು.

"ಕೇಳಿದ ಅಪ್ಪಾ," ಎಂದೆ. "ಮೊದ್ಲು ನಿನ್ನೇ ಕೇಳಿದ."

ಅವನ ಕೈ ನೀರೊಳಗೇ ನಿಂತಿತು. ಆಮೇಲೆ ಮುಂದಿನ ತಟ್ಟೆ ತೆಗೆದುಕೊಂಡ.

"ಇರ್ಲಿ ಬಿಡು," ಎಂದ. "ಬುಕ್ಕಲ್ಲಿ ಬರ್ದಿಲ್ವಲ್ಲ."