ಸ್ಟೋರಿನೊಳಗೊಂದು ಸೊಪ್ಪಿನ ಗುಡ್ಲು

ನನ್ನ ಮಗಳು ದೊಡ್ಡವಳಾದಳು. ಅದನ್ನು ನಾನು ಗುಟ್ಟಾಗಿಟ್ಟು ಇನ್ನೂ ಎರಡು ಗಂಟೆ ಆಗಿರಲಿಲ್ಲ, ಮೂರನೇ ಸೀರೆಯಾಚೆಯಿಂದ ಮಂಜಣ್ಣ ಕೂಗಿದ.

“ಏನ್ ಟೀಚರಮ್ಮ, ಸೋದರಮಾವನಿಗೆ ಹೇಳಿ ಕಳ್ಸಿಲ್ವಾ?”

ಮೂರನೇ ಮನೆ ಅಂತ ಬರೆಯಬೇಕಿತ್ತು. ಆದರೆ ನಾವಿರುವ ಕಡೆ ಮನೆಗಳಿಲ್ಲ. ಸೀರೆಗಳಿವೆ.

ಎರಡು ತಿಂಗಳು ಈ ಅಂಕಣ ಬರಲಿಲ್ಲ. ಅಂಗನವಾಡಿ ಟೀಚರ್ ಎಲ್ಲಿ ಹೋದರು ಅಂತ ಕೆಲವರು ಪತ್ರಿಕೆಗೆ ಕಾಗದ ಹಾಕಿ ಕೇಳಿದಿರಂತೆ. ಉತ್ತರ ಚಿಕ್ಕದು. ಆಷಾಢದ ಗಾಳಿಗೆ ಎಸ್ಟೇಟಿನ ಲೈನ್ ಮನೆಗಳ ಮೇಲೆ ಸಿಲ್ವರ್ ಮರಗಳು ಬಿದ್ದವು. ನಮ್ಮ ಮನೆಯೂ ಹೋಯಿತು. ಅದರೊಳಗೆ ನನ್ನ ಯಜಮಾನರಿದ್ದರು. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಇನ್ನೂ ಕೈ ಬರುತ್ತಿಲ್ಲ.

ಮನೆ ಕಳೆದುಕೊಂಡ ಒಂಬತ್ತು ಸಂಸಾರಗಳನ್ನು ಮಗ್ಗೆ ರಸ್ತೆ ಪಕ್ಕದ ಹಳೆಯ ಕಾಫಿ ಸ್ಟೋರಿಗೆ ತಂದು ಇಳಿಸಿದರು. ದೊಡ್ಡ ಗೋದಾಮು. ಗಟ್ಟಿ ಗೋಡೆ, ಒಳ್ಳೆಯ ಚಾವಣಿ. ಅಕ್ಕಿ ಕೊಟ್ಟರು, ಕಂಬಳಿ ಕೊಟ್ಟರು, ಸೀಮೆಎಣ್ಣೆ ಸ್ಟೋವ್ ಕೊಟ್ಟರು. ಕೊಟ್ಟವರನ್ನು ದೂರಲಾರೆ. ಆದರೆ ಆ ದೊಡ್ಡ ಬಾಗಿಲಿಗೆ ಚಿಲಕ ಇರುವುದು ಹೊರಗಡೆ ಮಾತ್ರ. ಒಳಗೆ ಯಾಕಿರುತ್ತದೆ ಹೇಳಿ? ಕಾಫಿ ಮೂಟೆಗಳು ಬಾಗಿಲು ಹಾಕಿಕೊಂಡು ಮಲಗುತ್ತವೆಯೇ?

ಹಗ್ಗ ಕಟ್ಟಿ, ಸೀರೆ ಇಳಿಬಿಟ್ಟು, ಒಂಬತ್ತು ಪಾಲು ಮಾಡಿಕೊಂಡೆವು. ಸೀರೆ ಕಣ್ಣನ್ನು ತಡೆಯುತ್ತದೆ. (ಅದೂ ಗಾಳಿ ಬೀಸದಿದ್ದರೆ.) ಕಿವಿಯನ್ನು? ಯಾರು ಗಂಡನನ್ನು ಬೈದರು, ಯಾರ ಮಗು ಚಾಪೆ ಒದ್ದೆ ಮಾಡಿತು, ಎಲ್ಲವೂ ಎಲ್ಲರಿಗೂ ಗೊತ್ತು. ಬಟ್ಟೆ ಬದಲಿಸುವಾಗ ಒಬ್ಬರು ಕಂಬಳಿ ಹಿಡಿದು ನಿಲ್ಲಬೇಕು. ಎರಡು ತಿಂಗಳಲ್ಲಿ ನಾನು ಒಂದು ಸಲವೂ ಬಾಯಿಬಿಟ್ಟು ಅತ್ತಿಲ್ಲ.

ಮಂಜಣ್ಣ ಕೆಟ್ಟವನಲ್ಲ. ನಮ್ಮ ಯಜಮಾನರಿಗೆ ಹೆಗಲು ಕೊಟ್ಟವನು. ನನಗೆ ಭಯ ಹುಟ್ಟಿದ್ದೇ ಅದರಿಂದ. ಒಳ್ಳೆಯವನಿಗೇ ಇಷ್ಟು ಕಾಣುತ್ತದೆ ಅಂದರೆ, ಬೇರೆಯವರಿಗೆ ಏನೇನು ಕಾಣುತ್ತಿರಬಹುದು?

ಅಪ್ಪ ಸತ್ತು ವರ್ಷ ತುಂಬದೆ ಹುಡುಗಿಗೆ ಆರತಿ ಎತ್ತಿ ಒಸಗೆ ಮಾಡುವಂತಿಲ್ಲ. ಹಾಗಾಗಿಯೇ ಮುಚ್ಚಿಟ್ಟಿದ್ದೆ. ಪಕ್ಕದ ಸೀರೆಯ ಪುಟ್ಟಮ್ಮಜ್ಜಿ ಬಿಡಲಿಲ್ಲ.

“ಆರತಿ ಬ್ಯಾಡ, ಹಾಡು ಬ್ಯಾಡ. ಗುಡ್ಲು ಹಾಕ್ದೆ ಇದ್ರಾಯ್ತದೇನೇ? ನಿನ್ ತಮ್ಮನ್ಗೆ ಫೋನ್ ಮಾಡು.”

ನಮ್ಮಲ್ಲಿ ಮೈನೆರೆದ ಹುಡುಗಿಗೆ ಸೋದರಮಾವ ಹಸಿ ಸೊಪ್ಪಿನ ಗುಡ್ಲು ಕಟ್ಟಬೇಕು. ಐದು ದಿನ ಅವಳು ಅದರೊಳಗೆ. ಗಂಡಸರು ಹತ್ತಿರ ಸುಳಿಯುವಂತಿಲ್ಲ. ಆರನೇ ದಿನ ಗುಡ್ಲು ಕಿತ್ತು ಸುಟ್ಟುಬಿಡುತ್ತಾರೆ. ಎಸ್‌ಟಿಡಿ ಬೂತಿನಿಂದ ತಮ್ಮನ ಊರು ಕುಂದೂರಿನ ಅಂಗಡಿಗೆ ಫೋನ್ ಮಾಡಿಸಿದೆ. ಮರುದಿನ ತಮ್ಮ ಬಸ್ಸಿನ ಮೇಲೆ ಹಲಸು, ಅತ್ತಿ ಸೊಪ್ಪಿನ ಹೊರೆ ಹಾಕಿಕೊಂಡು ಬಂದಿಳಿದ. “ಸೊಪ್ಪು ಹತ್ಸಿದ್ರಿ, ಮೇಕೆ ಎಲ್ಲಿ ಬುಟ್ಬಂದ್ರಿ?” ಅಂದನಂತೆ ಕಂಡಕ್ಟರ್.

ಸ್ಟೋರಿನ ಮೂಲೆಯಲ್ಲಿ ಗುಡ್ಲು ಎದ್ದಿತು. ಬಾಗಿಲಿಗೆ ಒಂದು ಚಾಪೆ.

ಅವತ್ತು ಮಗಳು ಕಾಲು ಚಾಚಿ ಮಲಗಿದಳು. ಎರಡು ತಿಂಗಳಲ್ಲಿ ಮೊದಲ ಸಲ. ಯಾರೂ ಕಂಬಳಿ ಹಿಡಿಯದೆ ಬಟ್ಟೆ ಬದಲಿಸಿದಳು. ಏಳನೇ ಕ್ಲಾಸಿನ ಹುಡುಗಿ. ಒಳಗೆ ತಾನೇ ಏನೋ ಗುನುಗಿಕೊಳ್ಳುತ್ತಿದ್ದಳು. ಅದನ್ನು ಕೇಳಿ ನನಗೆ ಖುಷಿಯಾಗಬೇಕೋ ಭಯವಾಗಬೇಕೋ ತಿಳಿಯಲಿಲ್ಲ.

ಎರಡನೇ ದಿನ ಪುಟ್ಟಮ್ಮಜ್ಜಿ ಬಂದು ಪಿಸುಗುಟ್ಟಿದಳು. “ಒಂದ್ ಗಳಿಗೆ ಒಳಗೋಗಿ ಬರ್ಲೇನೇ? ಸೊಂಟಕ್ಕೆ ಎಣ್ಣೆ ಹಚ್ಕೋಬೇಕು.”

“ಮೈಲಿಗೆ ಆಗಲ್ವೇನಜ್ಜಿ?”

“ಆಗ್ಲಿ ಬುಡು. ಮೈಲಿಗೆ ನೀರ್ ಹುಯ್ಕೊಂಡ್ರೆ ಹೋಯ್ತದೆ. ಈ ಎಂಟು ಸಂಸಾರದ ಕಣ್ಣು ಏನ್ ಹುಯ್ಕೊಂಡ್ರೂ ಹೋಗಲ್ಲ.”

ಅಜ್ಜಿಯ ನಂತರ ಬಾಣಂತಿಯೊಬ್ಬಳು ಮಗುವಿಗೆ ಹಾಲು ಕೊಡಲು ಹೋದಳು. ಆಮೇಲೆ ಮಂಜಣ್ಣನ ಹೆಂಡತಿ. ಎಲ್ಲರೂ ಬಂದು ನೀರು ಹುಯ್ದುಕೊಂಡರು. ಮೈಲಿಗೆ ಅಂತ ದೂರ ಇಡಬೇಕಾದ ಗುಡ್ಲಿಗೆ ನಮ್ಮ ಹೆಂಗಸರು ಸರದಿ ನಿಂತರು ಅಂದರೆ ನಂಬುತ್ತೀರಾ?

ಮೂರನೇ ದಿನ ನಾನೂ ಹೋದೆ. ಸುಮ್ಮನೆ ಕೂತೆ. ಮಗಳು ನನ್ನ ಮುಖ ನೋಡಿ ಗೋಡೆ ಕಡೆ ತಿರುಗಿ ಕೂತಳು. “ನೀನು ಅಳಮ್ಮ. ನಾನು ನೋಡಲ್ಲ.” ಸೆರಗು ಬಾಯಿಗೆ ತುಂಬಿಕೊಂಡು ಅತ್ತೆ. ಯಜಮಾನರು ಹೋದ ಮೇಲೆ ಅತ್ತಿದ್ದು ಅದೇ ಮೊದಲು.

ಇಷ್ಟೇ ಆಗಿದ್ದರೆ ಈ ವಾರ ನಿಮಗೆ ಒಂದು ಒಳ್ಳೆಯ ಕಥೆ ಹೇಳಿ ಮುಗಿಸುತ್ತಿದ್ದೆ.

ನಾಲ್ಕನೇ ದಿನ ಇಬ್ಬರು ಅಪರಿಚಿತರು ನೀರು ಕೇಳಿಕೊಂಡು ಬಂದರು. ಲಾರಿಯವರಿರಬೇಕು. ಗಂಡಸರು ಕೆಲಸಕ್ಕೆ ಹೋಗಿದ್ದ ಹೊತ್ತು. ಬಾಗಿಲಲ್ಲಿ ನಿಂತೇ ಒಬ್ಬ ಕೇಳಿದ, “ಅದೇನಮ್ಮ ಮೂಲೆಲಿ ಸೊಪ್ಪು?” ಇನ್ನೊಬ್ಬ ನಕ್ಕ. “ಗೊತ್ತಾಗಲ್ವೇನ್ಲಾ? ಹುಡುಗಿ ಐತೆ ಒಳಗೆ.”

ನಾನು ನೀರಿನ ಚೊಂಬು ಹಿಡಿದು ಅವರಿಗೂ ಗುಡ್ಲಿಗೂ ನಡುವೆ ನಿಂತೆ. ಅಲ್ಲಿಂದಲೇ ಚೊಂಬು ಚಾಚಿದೆ. ನಿಧಾನಕ್ಕೆ ಕುಡಿದರು. ಒಳಗೆಲ್ಲ ಕಣ್ಣಾಡಿಸಿದರು. ಹೋದರು. ಏನೂ ಆಗಲಿಲ್ಲ. ಏನೂ ಆಗಲಿಲ್ಲ ಅಂತ ಅವತ್ತಿನಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ಇತ್ತ ಬರಬೇಡಿ ಅನ್ನುವ ಗುಡ್ಲೇ, ಹುಡುಗಿ ಇಲ್ಲಿದ್ದಾಳೆ ಅಂತಲೂ ಕೂಗಿ ಹೇಳುತ್ತದೆ. ಮುಂಬಾಗಿಲಿಗೆ ಒಳಗಡೆ ಚಿಲಕವಿರುವ ಮನೆಯಲ್ಲಿ ಇದು ನಮಗೆ ಹೊಳೆಯುವುದೇ ಇಲ್ಲ.

ಆರನೇ ದಿನ ತಮ್ಮ ಗುಡ್ಲು ಕೀಳಲು ಬಂದ. ಮಗಳು ಒಳಗಿನಿಂದಲೇ ಹೇಳಿದಳು, “ಇನ್ನೂ ಮುಗಿದಿಲ್ಲಮ್ಮ.”

ಅವಳ ಬಟ್ಟೆ ಒಗೆಯುವವಳು ನಾನು. ಸುಳ್ಳು ಅಂತ ನನಗೆ ಗೊತ್ತು. ತಮ್ಮನಿಗೆ ಹೇಳಿದೆ, “ಮುಗಿದಿಲ್ಲವಂತೆ ಕಣೋ.”

“ಹಿಂಗೆಲ್ಲ ಬಿಡಬಾರ್ದು ಕಣಕ್ಕ. ಹುಡುಗಿಗೆ ಒಳ್ಳೇದಲ್ಲ. ಬರೋ ಭಾನುವಾರ ಬತ್ತೀನಿ, ಅವತ್ತು ಸುಡೋದೇ,” ಅಂದು ಮಧ್ಯಾಹ್ನದ ಬಸ್ಸಿಗೆ ಹೋದ. ಪುಟ್ಟಮ್ಮಜ್ಜಿ ಎಲೆಅಡಿಕೆ ಅಗಿಯುತ್ತಾ ನಕ್ಕಳು. “ನಿನ್ ಮಗ್ಳು ವರ್ಷ ಪೂರ್ತಿ ಮೈನೆರೀತಾನೇ ಇರ್ಲಿ ಬುಡು ಟೀಚರಮ್ಮ. ನಮ್ಗೂ ಒಂದ್ ರೂಮಾಯ್ತು.”

ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಗಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. “ಹೆಸರು ಹಾಕಬೇಡ. ಮಿಕ್ಕಿದ್ದೆಲ್ಲ ಹೇಗೂ ಎಲ್ಲರಿಗೂ ಗೊತ್ತಲ್ಲ,” ಅಂದಳು.

ಇವತ್ತಿಗೆ ಹತ್ತನೇ ದಿನ. ಸೊಪ್ಪು ಒಣಗಿ ಮುದುಡಿದೆ. ಮುಟ್ಟಿದರೆ ಉದುರುತ್ತದೆ. ದಿನಕ್ಕೊಂದು ಹೊಸ ಕಿಂಡಿ. ನಾನು ಒಳಗಿನಿಂದ ಹಳೆಯ ಪೇಪರ್ ಸಿಕ್ಕಿಸುತ್ತಿದ್ದೇನೆ. ಬಾಗಿಲಲ್ಲಿ ನಿಂತು ನೋಡಿದರೆ ಅವಳ ಲಂಗದ ಬಣ್ಣ ಕಾಣುತ್ತದೆ. ಗಾಡಿ ನಿಂತ ಸದ್ದಾದರೆ ಸಾಕು, ಅವಳು ಗುನುಗುವುದನ್ನು ನಿಲ್ಲಿಸುತ್ತಾಳೆ.

ಭಾನುವಾರ ತಮ್ಮ ಬರುತ್ತಾನೆ. ಹೊರಗೆ ಬಾ ಮಗಳೇ ಅನ್ನಬೇಕು. ಬಂದು ಎಲ್ಲಿಗೆ ಹೋಗಲಿ ಅವಳು?